ಗಂಡನ ಹೆಸರಿನ ರಕ್ತ

ಕಂತು ಒಂಬತ್ತು

"ಚಪ್ಪಲಿ ಆಚೆ ಬಿಡಿ ಸಾರ್. ಕಾಲು ತೊಳ್ಕೊಂಡು, ಆ ಸುಣ್ಣದ ಪುಡಿ ತುಳ್ಕೊಂಡು ಬನ್ನಿ. ಹುಳ ನಾಲ್ಕನೇ ಜ್ವರ ಎದ್ದಿದಾವೆ."

ಕದಿರೇಶ ಮರುಮಾತಿಲ್ಲದೆ ಕಾಲು ತೊಳೆದ. ರೇಷ್ಮೆಹುಳು ಜ್ವರ ಮುಗಿಸಿ, ಎಂದರೆ ಪೊರೆ ಬಿಟ್ಟು, ಏಳುವ ದಿನಗಳಲ್ಲಿ ಹೊರಗಿನವರನ್ನು ಹುಳುಮನೆಗೆ ಬಿಟ್ಟುಕೊಳ್ಳುವವರು ಹುತ್ತೂರಿನಲ್ಲಿ ಒಬ್ಬರೂ ಇಲ್ಲ. ಹೊರಗಿನ ಕಾಲಿಗೆ ಅಂಟಿಕೊಂಡು ಏನು ಬರುತ್ತದೋ ಎಂಬ ಭಯ. ಹಾಗಿದ್ದೂ ವೆಂಕಟ್ ಅವನನ್ನು ಒಳಗೇ ಕರೆದನೆಂದರೆ ಕಾರಣ ಒಂದೇ. ಜಗುಲಿಗೆ ಅಂಟಿದ ಅಡಿಗೆಮನೆಯಲ್ಲಿ ವೆಂಕಟನ ತಾಯಿ ಶ್ಯಾಮಲಮ್ಮ ಇದ್ದಳು, ಆ ವಯಸ್ಸಿನಲ್ಲೂ ಅವಳ ಕಿವಿ ಭಾರಿ ಚುರುಕು.

"ಎವರ್ರಾ ವಚ್ಚಿಂದಿ?" ಎಂದು ಬಂದವರು ಯಾರೆಂದು ಅವಳು ಒಳಗಿನಿಂದಲೇ ತೆಲುಗಿನಲ್ಲಿ ಕೇಳಿದ್ದೂ ಆಯಿತು, ರೇಷ್ಮೆ ಇಲಾಖೆಯವರು ಎಂದು ಮಗ ಹಸಿ ಸುಳ್ಳು ಹೇಳಿದ್ದೂ ಆಯಿತು.

ಕದಿರೇಶ ರೇಷ್ಮೆ ಇಲಾಖೆಯವನಲ್ಲ. ಆರೋಗ್ಯ ಇಲಾಖೆಯ ಹೆಲ್ತ್ ಇನ್‌ಸ್ಪೆಕ್ಟರು. ಐದು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ಇದೇ ಮನೆಯ ಸೊಸೆ ಅನಿತಳ ಮೇಲೆ ಒಂದೇ ಒಂದು ಪುಟದ ವರದಿ ಬರೆದು ಸಂಸಾರವನ್ನು ಎರಡು ಹೋಳು ಮಾಡಿದ ಪುಣ್ಯಾತ್ಮ.

ಬರುವ ಸೋಮವಾರ ಕೋಲಾರದ ಕೋರ್ಟಿನಲ್ಲಿ ಆ ವರದಿಯ ಮೇಲೆ ಅವನು ಸಾಕ್ಷಿ ಹೇಳಬೇಕು. ವೆಂಕಟ್ ವಿಚ್ಛೇದನ ಕೇಳಿದ್ದಾನೆ. ಹೆಂಡತಿಯ ನಡತೆ ಸರಿಯಿಲ್ಲ ಎಂಬುದು ಅವನ ಕಡೆಯ ವಾದ, ಅದಕ್ಕಿರುವ ಒಂದೇ ಆಧಾರ ಕದಿರೇಶನ ಸಹಿ. ಬರೆದಿದ್ದೆಲ್ಲ ನಿಜ ಎಂದು ಅವನು ಕಟಕಟೆಯಲ್ಲಿ ನಿಂತು ಹೇಳಿಬಿಟ್ಟರೆ ಅನಿತಳ ಒಂಬತ್ತು ವರ್ಷದ ಮಗಳು ಇನ್ನು ಅವಳ ಕೈಗೆ ಸಿಗುವುದಿಲ್ಲ. ಇವತ್ತಾಗಲೇ ಗುರುವಾರ.

ಆ ವರದಿ ಬರೆಯುವಾಗ ಕದಿರೇಶನಿಗೆ ಎಲ್ಲವೂ ಎಷ್ಟು ಸಲೀಸಾಗಿ ಕಂಡಿತ್ತೆಂದರೆ, ಈಗ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಅನಿತಳಿಗೆ ಎಚ್‌ಐವಿ ಇದೆ. ಗಂಡನಿಗೆ ಇಲ್ಲ. ಅಂದಮೇಲೆ ಬೇರೆ ಯಾರೋ ಇರಬೇಕು. ಅವಳ ತವರು ಮಾಸ್ತಿ, ಅದೇ ಬೀದಿಯವನು ಲಾರಿ ಡ್ರೈವರ್ ಗಂಗುಲಪ್ಪ. ಅವನಿಗೂ ಎಚ್‌ಐವಿ. ಮಾಸ್ತಿಯಿಂದ ತರಕಾರಿ ಹೇರಿಕೊಂಡು ಹೋಗುವಾಗ ಅವನು ಹುತ್ತೂರಿನಲ್ಲಿ ಲಾರಿ ನಿಲ್ಲಿಸಿ, ತವರಿನವರು ಕೊಟ್ಟ ಚೀಲವನ್ನು ಅನಿತಳ ಕೈಗೆ ಕೊಟ್ಟು ಹೋಗುವುದನ್ನು ಊರೆಲ್ಲ ನೋಡಿತ್ತು.

ಎರಡಕ್ಕೆ ಎರಡು ಸೇರಿಸಿ ನಾಲ್ಕು ಎಂದು ಬರೆದುಬಿಟ್ಟ. ಸೋಂಕಿನ ಮೂಲ ಗಂಗುಲಪ್ಪ, ಇವರಿಬ್ಬರಿಗೂ ಸಂಪರ್ಕವಿದ್ದಂತೆ ತೋರುತ್ತದೆ.

ಬರೆದಿದ್ದು ಫೈಲಿನಲ್ಲಿದ್ದಿದ್ದರೆ ಅರ್ಧ ಪಾಪ. ವೆಂಕಟನ ತಂದೆ ಕೋದಂಡರಾಮಪ್ಪ, ಈಗವರಿಲ್ಲ, ಊರಿನಲ್ಲಿ ಕಂಡರೆ ನಾಲ್ಕು ಜನ ಎದ್ದು ನಿಲ್ಲುತ್ತಿದ್ದ ಮನುಷ್ಯ. ಅವರು ಆಫೀಸಿಗೆ ಬಂದು, ಮನೆ ಮರ್ಯಾದೆ ಸಾರ್, ಒಂದು ಜೆರಾಕ್ಸ್ ಕೊಡಿ ಎಂದು ಕೈ ಮುಗಿದರು. ಗುಟ್ಟಾಗಿಡಬೇಕಾದ ಕಾಗದವೆಂದು ಕದಿರೇಶನಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡವರು ಕೈ ಮುಗಿದರಲ್ಲ ಎಂದು ಕೊಟ್ಟ. ಒಂದು ವಾರದೊಳಗೆ ಅನಿತ ತವರು ಸೇರಿದ್ದಳು, ಗಂಗುಲಪ್ಪ ಏಟು ತಿಂದು ಊರು ಬಿಟ್ಟಿದ್ದ.

ಐದು ವರ್ಷ ಆ ವಿಷಯ ಅವನ ಮನಸ್ಸಿನ ಮೂಲೆಯಲ್ಲಿ ತೆಪ್ಪಗೆ ಬಿದ್ದಿತ್ತು. ಅದನ್ನು ಎಬ್ಬಿಸಿದವರು ಡಾಕ್ಟರ್ ಮೃದುಲಾ.

ಮೃದುಲಾ ಬೆಂಗಳೂರಿನ ಪ್ರಯೋಗಾಲಯದವರು. ಆಂಧ್ರದ ಗಡಿಗೆ ಅಂಟಿಕೊಂಡಿರುವ ತಾಲ್ಲೂಕುಗಳಲ್ಲಿ ಈ ಸೋಂಕು ಯಾವ ದಾರಿ ಹಿಡಿದು ಓಡಾಡುತ್ತದೆಂದು ಹುಡುಕುತ್ತಿದ್ದರು. ರಕ್ತದಲ್ಲಿರುವ ವೈರಸ್ಸಿನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದಿ, ಯಾವುದು ಯಾವುದಕ್ಕೆ ನೆಂಟ ಎಂದು ಹೇಳುವ ಕೆಲಸ. ಕದಿರೇಶನಿಗೆ ಮೊದಮೊದಲು ತಲೆಬುಡ ತಿಳಿಯಲಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗರನ್ನು ಹೇಗೆ ಹಿಡಿಯುತ್ತಾರೆ ಹೇಳಿ ಎಂದು ಆಕೆಯೇ ಕೇಳಿದರು. ಸರಿ ಉತ್ತರ ಎಲ್ಲರದ್ದೂ ಒಂದೇ ಇರುತ್ತದೆ, ತಪ್ಪು ಉತ್ತರವೂ ಒಂದೇ ಥರ ಇದ್ದರೆ ಸಿಕ್ಕಿಬಿದ್ದರು. ವೈರಸ್ಸೂ ಅಷ್ಟೇ, ತನ್ನ ಪ್ರತಿ ತಾನೇ ತೆಗೆಯುವಾಗ ತಪ್ಪು ಮಾಡುತ್ತದೆ. ಒಂದೇ ಕಡೆಯಿಂದ ಬಂದವುಗಳಲ್ಲಿ ಒಂದೇ ಥರದ ತಪ್ಪುಗಳು ಉಳಿದುಕೊಂಡಿರುತ್ತವೆ.

ಅನಿತಳ ರಕ್ತ ಅವರ ಬಳಿ ಮೊದಲೇ ಇತ್ತು, ಹೋಲಿಸಿ ನೋಡಲೆಂದೇ ಕದಿರೇಶ ಶ್ರೀನಿವಾಸಪುರಕ್ಕೆ ಹೋಗಿ ಗಂಗುಲಪ್ಪನನ್ನು ಹುಡುಕಿದ್ದ. ಅಲ್ಲಿನ ಮಾವಿನ ಮಂಡಿಯಲ್ಲಿ ಆತ ಹಣ್ಣು ವಿಂಗಡಿಸುತ್ತ ಕೂತಿದ್ದ, ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನಿರಲಿಲ್ಲ. ಪರೀಕ್ಷೆಗೆ ಸ್ವಲ್ಪ ರಕ್ತ ಬೇಕು, ಕೊಡುವುದು ಬಿಡುವುದು ನಿನ್ನಿಷ್ಟ ಎಂದು ಕದಿರೇಶ ನೆಲ ನೋಡುತ್ತ ಹೇಳಿದಾಗ ಆತ ಸುಮ್ಮನೆ ಷರ್ಟಿನ ತೋಳು ಮಡಚಿದ.

"ತಗೊಳ್ಳಿ ಸಾರ್. ಬೇರೇನ್ ಉಳ್ಸಿದೀರ ನನ್ ಹತ್ರ."

ಆ ಮಾತು ಎದೆಯಲ್ಲಿ ನಾಟಿಕೊಂಡು ಕೂತಿತು. ಆಮೇಲೆ ಕದಿರೇಶನಿಗೆ ಊಟ ಸೇರಿದ್ದು ಅಷ್ಟಕ್ಕಷ್ಟೇ.

ಫಲಿತಾಂಶ ಹೋದ ತಿಂಗಳು ಬಂತು. ಗಂಗುಲಪ್ಪನ ವೈರಸ್ಸಿಗೂ ಅನಿತಳದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅನಿತಳದಕ್ಕೆ ಒಡಹುಟ್ಟಿದವರಷ್ಟು ಹತ್ತಿರದ್ದು ಇನ್ನಿಬ್ಬರು ಹೆಂಗಸರ ರಕ್ತದಲ್ಲಿ ಸಿಕ್ಕಿತು. ಒಬ್ಬಳು ಮುಳಬಾಗಿಲಿನ ಅನಂತಲಕ್ಷ್ಮಿ, ಲೆಕ್ಕಪತ್ರ ಬರೆಯುವವರ ಹೆಂಡತಿ. ಇನ್ನೊಬ್ಬಳು ಶಿವಾರಪಟ್ಟಣದ ಗಂಗರತ್ನಮ್ಮ, ಅವಳ ಗಂಡ ವಿಗ್ರಹ ಕೆತ್ತುವವನು. ಈ ಮೂವರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಮೂವರ ಗಂಡಂದಿರಿಗೂ ಸೋಂಕಿಲ್ಲ.

"ಯಾರಲ್ಲ ಅನ್ನೋದನ್ನ ಈ ಪರೀಕ್ಷೆ ಹೇಳತ್ತೆ. ಯಾರು ಅನ್ನೋದನ್ನ ಹೇಳಲ್ಲ. ಅದಕ್ಕೆ ನೀವೇ ಊರೂರು ತಿರುಗಬೇಕು," ಎಂದಿದ್ದರು ಮೃದುಲಾ.

ತಿರುಗಿದ. ಮೂವರೂ ತೊಂಬತ್ತೆಂಟರಲ್ಲಿ ಕೋಲಾರದ ಒಂದೇ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದವರು, ಮೂವರಿಗೂ ರಕ್ತ ಹತ್ತಿಸಿದ್ದರು. ಅನಿತಳಿಗೆ ಎರಡನೇ ಬಸಿರು ಇಳಿದುಹೋಗಿ ರಕ್ತ ನಿಂತಿರಲಿಲ್ಲ. ಆ ನರ್ಸಿಂಗ್ ಹೋಮು ಮುಚ್ಚಿ ಮೂರು ವರ್ಷವಾಗಿದೆ, ಆದರೆ ಹಳೆಯ ರಿಜಿಸ್ಟರು ಸಿಕ್ಕಿತು. ದಾನಿಯ ಹೆಸರು ಎಂಬ ಕಡೆ ಮೂರಕ್ಕೆ ಮೂರೂ ಗಂಡಂದಿರದ್ದೇ.

ತೊಂಬತ್ತೊಂಬತ್ತರಲ್ಲೂ ಕದಿರೇಶ ಈ ರಿಜಿಸ್ಟರು ನೋಡಿದ್ದ. ಗಂಡ ವೆಂಕಟ್ ಎಂಬ ಎರಡು ಪದ ಓದಿ, ಗಂಡನ ರಕ್ತ ತಾನೇ ಎಂದು ಪುಟ ತಿರುವಿದ್ದ. ಡಾಕ್ಟರೂ ಹಾಗೇ ಅಂದುಕೊಂಡು ಗುಂಪು ಹೊಂದುತ್ತದೋ ಇಲ್ಲವೋ ನೋಡಿದ್ದರೇ ಹೊರತು ಬೇರೆ ಪರೀಕ್ಷೆ ಮಾಡಿಸಿರಲಿಲ್ಲ. ಈ ಸಲ ಕದಿರೇಶ ಪಕ್ಕದ ಕಾಲಮ್ಮನ್ನೂ ಓದಿದ. ಐದು ವರ್ಷದ ಹಿಂದೆಯೇ ಓದಬೇಕಾಗಿದ್ದ ಕಾಲಮ್ಮು. ಅದನ್ನು ಓದಿಕೊಂಡೇ ಇವತ್ತು ಹುತ್ತೂರಿಗೆ ಬಂದಿದ್ದ.

ಹುಳುಮನೆಯಲ್ಲಿ ತಟ್ಟೆಗಳು ಸೂರಿನವರೆಗೆ ಪೇರಿಸಿದ್ದವು. ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು ಜಿನುಗುಮಳೆಯ ಹಾಗೆ ಕೇಳುತ್ತಿತ್ತು. ವೆಂಕಟ್ ಕೈಗೆ ಕೆಲಸ ಕೊಟ್ಟುಕೊಂಡು ಮುಖ ತಪ್ಪಿಸುತ್ತಿದ್ದ.

ಕದಿರೇಶ ಬೇರೇನೂ ಕೇಳಲಿಲ್ಲ. ಬೈಕಿನ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಒಮ್ಮೆ ತೋರಿಸಪ್ಪ ಎಂದ.

ವೆಂಕಟನಿಗೆ ಆಶ್ಚರ್ಯ. ಪೊಲೀಸರ ಕೆಲಸ ಇವರಿಗೇಕೆ ಎಂದುಕೊಳ್ಳುತ್ತ ಜೇಬಿನಿಂದ ತೆಗೆದುಕೊಟ್ಟ. ಕದಿರೇಶ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ರಕ್ತದ ಗುಂಪು ಎಂಬಲ್ಲಿ ಬೆರಳಿಟ್ಟ. ಬಿ ಪಾಸಿಟಿವ್. ಆಮೇಲೆ ಚೀಲದಿಂದ ರಿಜಿಸ್ಟರಿನ ಪ್ರತಿ ತೆಗೆದು ಪಕ್ಕಕ್ಕಿಟ್ಟ. ದಾನಿ ವೆಂಕಟ್, ಗುಂಪು ಓ ಪಾಸಿಟಿವ್.

"ಅನಿತಂದು ಓ ಗುಂಪು. ನಿನ್ನ ಬಿ ರಕ್ತ ಅವಳಿಗೆ ಹತ್ಸಿದ್ರೆ ಅವಳು ಅವತ್ತೇ ಹೋಗ್ಬಿಡೋಳು. ರಕ್ತ ಕೊಟ್ಟಿದ್ದು ನೀನಲ್ಲ ವೆಂಕಟ್."

ಸೊಪ್ಪು ಹರಡುತ್ತಿದ್ದ ಕೈ ನಿಂತಿತು.

ವೆಂಕಟ್ ಮೊದಲು ನೆನಪಿಲ್ಲ ಎಂದ. ಆಮೇಲೆ ಬರೆದವರು ತಪ್ಪು ಬರೆದಿರಬೇಕು ಎಂದ. ಮೂರನೆಯ ಸುಳ್ಳಿಗೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು, ತಟ್ಟೆಗಳ ಸಂದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

"ಸೂಜಿ ನೋಡಿ ಕಣ್ಣು ಕತ್ಲೆ ಬಂತು ಸಾರ್. ರಕ್ತ ಕೊಟ್ರೆ ಗಂಡಸಿನ ಶಕ್ತಿ ಹೋಗ್ತದೆ ಅಂತ ಅಮ್ಮ ಬೇರೆ ತಲೆ ತುಂಬಿದ್ಲು. ಮೆಟ್ಲು ಇಳ್ದು ಓಡೋಗ್ಬಿಟ್ಟೆ. ಹೆಂಡ್ತಿ ಒಳಗೆ ಸಾಯ್ತಾ ಇದ್ರೆ ನಾನು ಬಸ್ ಸ್ಟ್ಯಾಂಡಲ್ಲಿ ಕೂತಿದ್ದೆ."

ಹೇಳುವಾಗ ಅವನಿಗೆ ಮುಖ ಎತ್ತಲಾಗಲಿಲ್ಲ. ಅವನನ್ನು ಗದರಿಸಬೇಕೆಂದೇ ಕದಿರೇಶ ಬಂದಿದ್ದ, ಆದರೆ ಇವನು ಓಡಿಹೋದವನು ಸರಿ, ಓದದೆ ಪುಟ ತಿರುವಿದ ತಾನೇನು ಮಹಾ ಎನಿಸಿತು.

ಹಾಗಾದರೆ ಅನಿತಳ ನಡತೆ ಸರಿಯಾಗಿಯೇ ಇತ್ತೆಂದು ನಿನಗೆ ಗೊತ್ತಿತ್ತಾ ಎಂದು ಮೆಲ್ಲಗೆ ಕೇಳಿದ.

"ಅನುಮಾನ ಇತ್ತು. ರಕ್ತದಿಂದ ಬಂದಿರ್ಬೋದಾ ಅಂತ ಒಂದೊಂದ್ಸಲ ಅನ್ಸೋದು. ಆದ್ರೆ ಹಾಗಂದ್ರೆ, ನಾನ್ಯಾಕೆ ರಕ್ತ ಕೊಡ್ಲಿಲ್ಲ ಅಂತ ಊರಿಗೆಲ್ಲ ಹೇಳ್ಬೇಕಲ್ಲ ಸಾರ್. ಅಷ್ಟೊತ್ತಿಗೆ ನಿಮ್ಮ ಕಾಗ್ದ ಬಂತು. ಗೌರ್ಮೆಂಟಿನವರೇ ಬರ್ದವ್ರೆ ಅಂತ ನಂಬ್ಕೊಂಡೆ. ನಂಬೋದು ಸುಲ್ಭ ಆಗಿತ್ತು."

ಕದಿರೇಶನ ಕೆನ್ನೆಗೆ ಹೊಡೆದಂತಾಯಿತು. ಯಾರೂ ಅವನ ಮೇಲೆ ಕೈ ಎತ್ತಿರಲಿಲ್ಲ, ಎತ್ತಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಗಂಡನ ಬದಲು ಕೊಟ್ಟವರು ಯಾರು, ಗಂಡನ ಹೆಸರನ್ನೇ ಏಕೆ ಬರೆಸಿದರು? ವೆಂಕಟ್ ತಡವರಿಸುತ್ತ ಹೇಳಿದ. ದುಡ್ಡು ತೆಗೆದುಕೊಂಡು ರಕ್ತ ಕೊಡುವವರನ್ನು ಆ ವರ್ಷವಷ್ಟೇ ನಿಲ್ಲಿಸಿದ್ದರು, ಮನೆಯವರೇ ಕೊಡಿ ಎನ್ನುತ್ತಿದ್ದರು. ಗಂಡ ಇದ್ದೂ ಬೇರೆಯವರು ಕೊಟ್ಟರೆಂದರೆ ಗಂಡನಿಗೆ ನಾಚಿಕೆಗೇಡು. ಹಾಗಾಗಿ ಕೊಟ್ಟವನೇ, ಭಾವನ ಹೆಸರು ಬರ್ಕೊಳ್ಳಿ ಎಂದು ನರ್ಸಿಗೆ ಹೇಳಿ, ವೆಂಕಟನ ಹೆಸರಿನಲ್ಲಿ ಸಹಿಯನ್ನೂ ತಾನೇ ಹಾಕಿದ್ದ. ಭಾವ ತಲೆ ತಗ್ಗಿಸಬಾರದು ಎಂಬುದೊಂದೇ ಅವನ ಆಸೆ.

"ನಿನ್ನನ್ನ ಭಾವ ಅಂದವನು ಯಾರು?"

"ಆಂಜಿನಪ್ಪ ಸಾರ್. ಅನಿತನ ತಮ್ಮ. ಆಗ ಆ ನರ್ಸಿಂಗ್ ಹೋಮ್ ಮುಂದೇನೇ ಟೀ ಅಂಗ್ಡಿ ಇಟ್ಕೊಂಡಿದ್ದ. ಒಳ್ಳೇ ಹುಡುಗ, ಈಗ ಮದ್ವೆ ಆಗಿ ಮಾಸ್ತೀಲೇ ಇದಾನೆ. ಯಾರ್ ಬಂದು ಅತ್ರೂ ತೋಳು ಚಾಚ್ಬಿಡೋನು, ಒಂದ್ ಕಾಸ್ ಮುಟ್ತಿರ್ಲಿಲ್ಲ. ಬೇರೆ ಹೆಂಗಸರಿಗೂ ಹಂಗೇ ಕೊಟ್ಟಿದಾನೆ, ಅವರವರ ಗಂಡಂದಿರ ಹೆಸರಲ್ಲೇ."

ಮೂರು ಹೆಂಗಸರ ಗಂಟು ಅಲ್ಲಿಗೆ ಬಿಚ್ಚಿತು. ಇಷ್ಟು ದಿನ ಕದಿರೇಶ ಹುಡುಕಿದ್ದು ಒಬ್ಬ ಕೇಡಿಯನ್ನು. ಸಿಕ್ಕಿದ್ದು, ತನ್ನ ಮೈಯಲ್ಲಿ ಏನಿದೆಯೆಂದು ತಿಳಿಯದೆ ಪರರಿಗೆ ಜೀವ ಕೊಡಲು ಹೋದ ಹುಡುಗ.

ಸೋಮವಾರ ಕೋರ್ಟಿನಲ್ಲಿ ಇದನ್ನೇ ಹೇಳುತ್ತೀಯಾ ಎಂದು ಕೇಳಿದ. ವೆಂಕಟ್ ಹೇಳ್ತೀನಿ ಎಂದ. ಮೊದಲು ನೀವು ಬರೆದಿದ್ದು ತಪ್ಪು ಅಂತ ನೀವು ಹೇಳಿ, ಹಿಂದೆಯೇ ನಾನೂ ಹೇಳ್ತೀನಿ ಎಂದ. ಒಪ್ಪಂದವೇನೋ ನ್ಯಾಯವಾಗಿಯೇ ಇತ್ತು.

ಕದಿರೇಶ ಸ್ಕೂಟರನ್ನು ಕೋಲಾರದ ಕಡೆ ತಿರುಗಿಸದೆ ನೇರ ಮಾಸ್ತಿಗೆ ಬಿಟ್ಟ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ತಪ್ಪಾಯ್ತಮ್ಮ ಅನ್ನಬೇಕು. ನಿನ್ನ ಮಗಳು ನಿನಗೆ ಸಿಗ್ತಾಳೆ ಅನ್ನಬೇಕು. ಆಂಜಿನಪ್ಪನಿಗೂ ಅವನ ಹೆಂಡತಿಗೂ ಇವತ್ತೇ ಪರೀಕ್ಷೆ ಮಾಡಿಸಬೇಕು ಅನ್ನಬೇಕು. ಮಾಲೂರು ದಾಟುವ ಹೊತ್ತಿಗೆ ಜೋಡಿಸಿದ್ದೆಲ್ಲ ಮರೆತುಹೋಗಿ, ತಪ್ಪಾಯ್ತಮ್ಮ ಎಂಬುದೊಂದೇ ಉಳಿಯಿತು.

ಅನಿತ ತವರುಮನೆಯ ಅಂಗಳದಲ್ಲಿ ಹುರುಳಿಕಾಯಿ ಆರಿಸುತ್ತ ಕೂತಿದ್ದಳು. ಬಡಕಲಾಗಿದ್ದಳು, ಕಣ್ಣು ಮಾತ್ರ ಅದೇ ಹಳೆಯ ಕಣ್ಣು. ಅವನನ್ನು ನೋಡಿ ಎದ್ದು ನಿಲ್ಲಲಿಲ್ಲ, ಹೋಗಿ ಎನ್ನಲೂ ಇಲ್ಲ.

ಕದಿರೇಶ ನೆಲದ ಮೇಲೆಯೇ ಕೂತು ಹೇಳಿದ. ಗಂಗುಲಪ್ಪನ ರಕ್ತದ ಪರೀಕ್ಷೆ ಹೇಳಿದ್ದು, ಮೂರು ಹೆಂಗಸರ ಕಥೆ, ವೆಂಕಟ್ ಒಪ್ಪಿಕೊಂಡದ್ದು, ತಾನು ಓದದೆ ಬಿಟ್ಟ ಕಾಲಮ್ಮು. ಯಾವುದನ್ನೂ ಮುಚ್ಚಿಡಲಿಲ್ಲ. ಅವಳ ಕೈ ಹುರುಳಿಕಾಯಿಯ ಮೇಲೆ ಆಡುತ್ತಲೇ ಇತ್ತು. ತಮ್ಮನ ಹೆಸರು ಬಂದಾಗಲೂ ಅವಳು ಬೆಚ್ಚಲಿಲ್ಲ. ಬೆಚ್ಚಬೇಕಾಗಿತ್ತು.

ಆಗ ಅವನಿಗೆ ಹೊಳೆಯಿತು. ತೊಂಬತ್ತೊಂಬತ್ತರಲ್ಲಿ, ಈ ಕಾಯಿಲೆ ಹೇಗೆಲ್ಲ ಹರಡುತ್ತದೆಂದು ಅವಳ ಮುಂದೆ ಗಿಳಿಪಾಠ ಒಪ್ಪಿಸುತ್ತಿದ್ದಾಗ ಅವಳು ಒಂದೇ ಒಂದು ಪ್ರಶ್ನೆ ಕೇಳಿದ್ದಳು. ರಕ್ತ ಕೊಟ್ಟೋರಿಗೂ ಇರ್ತದಾ ಸಾರ್ ಎಂದು. ಇದ್ದರೆ ತಾನೇ ಬರೋದು ಎಂದು ಅವನು ಗಡಿಯಾರ ನೋಡುತ್ತ ಉತ್ತರಿಸಿದ್ದ. ಅಲ್ಲಿಂದಾಚೆಗೆ ಅವಳು ತುಟಿ ಬಿಚ್ಚಿರಲಿಲ್ಲ. ನಡತೆಗೆಟ್ಟವಳು ಎಂದರೂ ಸುಮ್ಮನಿದ್ದಳು, ಮಗಳನ್ನು ಕಿತ್ತುಕೊಂಡರೂ ಸುಮ್ಮನಿದ್ದಳು.

"ನಿನಗೆ ಮೊದಲಿಂದ್ಲೂ ಗೊತ್ತಿತ್ತು ಅಲ್ವೇನಮ್ಮ?"

"ಪಕ್ಕದ ಮಂಚದಲ್ಲಿ ಮಲ್ಗಿ ಕೊಟ್ಟಿದ್ದನ್ನ ನೋಡಿದೀನಿ ಸಾರ್. ಅಕ್ಕ ಬದುಕ್ಲಿ ಅಂತ ಕೊಟ್ಟ. ಅವನಿಗೆ ಈಗ್ಲೂ ಏನೂ ಗೊತ್ತಿಲ್ಲ. ಗೊತ್ತಾದ್ರೆ ಬಾವಿಗೆ ಬಿದ್ದು ಸಾಯ್ತಾನೆ, ನಂಗೊತ್ತು ಅವನ್ ಬುದ್ಧಿ."

ಗೊತ್ತಾದರೆ ಔಷಧಿ ಕೊಡಬಹುದು, ಹೆಂಡತಿಯನ್ನು ಕಾಪಾಡಬಹುದು ಎಂದು ಕದಿರೇಶ ಗೋಗರೆದ. ಕೋರ್ಟಿನಲ್ಲಿ ಅವನ ಹೆಸರು ಬಾರದೆ ನಿನ್ನ ಮೇಲಿನ ಕಳಂಕ ಹೋಗುವುದಾದರೂ ಹೇಗೆ ಎಂದ. ಅನಿತ ಆರಿಸಿದ ಕಾಯಿಗಳನ್ನು ಮೊರದ ಒಂದು ಪಕ್ಕಕ್ಕೆ ತಳ್ಳಿದಳು.

"ನನ್ ತಮ್ಮನ ಹೆಸರು ಕೋರ್ಟಲ್ಲಿ ಬಂತೋ, ನಾನೂ ಎದ್ದು ನಿಂತು ಹೇಳ್ತೀನಿ. ನೀವು ಮೊದಲು ಬರ್ದಿದ್ದೇ ನಿಜ, ಗಂಗುಲಪ್ಪನ ಜೊತೆ ಇದ್ದೆ ಅಂತ. ನಿಮ್ಮ ಕಾಗ್ದ ಹೆಂಗೂ ಇದೆ. ನಿಮ್ಮ ಸಹೀನೂ ಇದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆಚ್ಚು ಸುಟ್ಟಿತು. ತಾನು ಬರೆದ ಸುಳ್ಳು ಈಗ ತನ್ನ ಬಾಯನ್ನೇ ಕಟ್ಟುತ್ತಿದೆ. ನಿಜ ಹೇಳಿದರೆ ಈ ಹೆಂಗಸು ಕೈಯಾರೆ ಮಗಳನ್ನು ಬಿಟ್ಟುಕೊಡುತ್ತಾಳೆ, ಗಂಗುಲಪ್ಪ ಎರಡನೇ ಸಲ ಸಾಯುತ್ತಾನೆ. ಹೇಳದಿದ್ದರೆ ಆಂಜಿನಪ್ಪನ ಹೆಂಡತಿಯ ಗತಿ?

ಅಷ್ಟರಲ್ಲಿ ಅವಳೇ ಬಾಗಿಲಿಗೆ ಬಂದಳು. ಇಪ್ಪತ್ತೆರಡು ದಾಟದ ಹುಡುಗಿ, ಕೈಯಲ್ಲಿ ಮಜ್ಜಿಗೆಯ ಲೋಟ. ಬಂದವರು ಯಾರು ಏನು ಎಂದು ಅವಳಿಗೆ ತಿಳಿಯದು. ಲೋಟ ಕದಿರೇಶನ ಮುಂದಿಟ್ಟು ನಕ್ಕಳು.

"ಅವ್ರನ್ನ ನೋಡ್ಬೇಕಿತ್ತಾ ಸಾರ್? ಇಲ್ವಲ್ಲ. ಯಾರ್ಗೋ ಅರ್ಜೆಂಟಾಗಿ ರಕ್ತ ಬೇಕು ಅಂತ ಫೋನ್ ಬಂತು, ತಿಂಡೀನೂ ತಿನ್ನದೆ ಹೊರಟೋದ್ರು."

ಕದಿರೇಶ ಲೋಟ ಮುಟ್ಟಲಿಲ್ಲ. ಅವನು ಅನಿತಳನ್ನು ನೋಡಿದ. ಐದು ವರ್ಷ ಯಾವ ಮಾತಿಗೂ ಅಲುಗದೆ ಕೂತಿದ್ದವಳು ಮೊರ ಬೀಳಿಸಿ ಎದ್ದು ನಿಂತಿದ್ದಳು. ಹುರುಳಿಕಾಯಿ ಅಂಗಳದ ತುಂಬ ಚೆಲ್ಲಿತ್ತು.

"ಯಾವ ಆಸ್ಪತ್ರೆ ಕಣೇ?"

"ಅದೇನ್ ಹೇಳ್ಲಿಲ್ಲ ವದಿನಾ. ಯಾವ್ದೋ ಹೆರಿಗೆ ಕೇಸಂತೆ. ಅಷ್ಟೊತ್ತಿಗೆ ಬಸ್ ಬಂದ್ಬಿಡ್ತು."